ಆ ಕಾಲಕ್ಕೆ ಎಷ್ಟು ಬಿದ್ದೀತು

ಮರ್ಡೋ ಬಂದಾಗ ನಾನು ಟಾರ್ಪಾಲಿನ ನೀರು ಕೊಡವುತ್ತಿದ್ದೆ.
ಗ್ಲಾಸ್ಗೋದ ಮಳೆಗೆ ಶನಿವಾರದ ರಜೆಯಿಲ್ಲ,
ಬ್ಯಾರಸ್ ಸಂತೆಯಲ್ಲಿ ನನಗೂ ಇಲ್ಲ.
ಮೊದಲು ಟ್ರಾಮು, ಆಮೇಲೆ ಬಸ್ಸು ಓಡಿಸಿದ ಕೈ;
ದಪ್ಪ ಬೆರಳುಗಳ ನಡುವೆ ಬಿಸ್ಕತ್ತಿನಷ್ಟಗಲ ಫೋಟೋ.
ಎಲ್ಲರ ಹಾಗೆ "ಈ ಥರದ್ದು ಇದೆಯಾ?" ಅನ್ನಲಿಲ್ಲ.
"ಇದು ಯಾವ ಥರದ್ದು?" ಅಂದ.
"ಆ ಕಾಲಕ್ಕೆ ಎಷ್ಟು ಬಿದ್ದೀತು?"

ಉಡುಪಿನ ವಯಸ್ಸು ಹೇಳುವವಳು ನಾನು.
ಕುದುರೆಗೆ ಹಲ್ಲು ನೋಡುತ್ತಾರಲ್ಲ, ನನಗೆ ಜಿಪ್ಪು.
ಪಕ್ಕೆಯಲ್ಲಿ ಲೋಹದ ಹಲ್ಲಿದ್ದರೆ ಯುದ್ಧದ ಆಚೀಚೆ,
ಬೆನ್ನಿಗೆ ನೈಲಾನು ಬಂದಿದ್ದರೆ ನಾನೇ ಕುಣಿದ ವರ್ಷಗಳು.
ಕತ್ತಿನ ಹಿಂದೆ ಎರಡು ಕಚ್ಚಿದ ಚೀಸಿನಂಥ ಮುದ್ರೆ ಕಂಡರೆ
ಸರಕಾರ ಅಳೆದು ಕೊಟ್ಟ ಬಟ್ಟೆ:
ಗುಂಡಿಗೆ ಲೆಕ್ಕ, ನೆರಿಗೆಗೆ ಲೆಕ್ಕ,
ಕೂಪನ್ನು ಇದ್ದಷ್ಟೇ ಲಂಗ ಚಾಚು.
ಆದರೆ ಫೋಟೋಗೆ ಒಳಮೈಯಿಲ್ಲ.
ತಿರುಗಿಸಿದೆ. ಬರೀ ಪೆನ್ಸಿಲು:
ಇಷ್ಬೆಲ್, ಲೀತ್, ನಲವತ್ತೇಳು.

ಅಕ್ಕನಂತೆ. ಹತ್ತೊಂಬತ್ತಕ್ಕೆ ಮನೆ ಬಿಟ್ಟಳಂತೆ.
ಅದೇ ವಾರ ಚಹಾ ಡಬ್ಬಿಯೊಳಗಿನ ನಾಲ್ಕು ಪೌಂಡೂ ಇಲ್ಲ.
ಆರು ತಿಂಗಳಿಗೆ ಈ ಫೋಟೋ ಬಂತು.
ಅಪ್ಪ ಒಮ್ಮೆ ನೋಡಿದ:
"ನಮ್ಮ ದುಡ್ಡು ತೊಟ್ಟುಕೊಂಡು ನಿಂತಿದ್ದಾಳೆ."
ಕಾಗದಕ್ಕೆ ಉತ್ತರ ಹೋಗಲಿಲ್ಲ.
ಆಮೇಲೆ ಕಾಗದ ಬರಲಿಲ್ಲ.

ಹ್ಯಾಂಗರಿನಿಂದ ಒಂದೊಂದೇ ಇಳಿಸಿದೆ.
ಕಡಲ ನೀಲಿ ಕ್ರೇಪು: ಭುಜ ಹೀಗಿದೆ, ಕೊರಳು ಹೀಗಿಲ್ಲ.
ಚುಕ್ಕೆಯ ರೇಯಾನು: ಕೊರಳು ಹೌದು, ಲಂಗ ಬೇರೆ.
ತುಕ್ಕು ಬಣ್ಣದ ಇನ್ನೊಂದನ್ನು ಅವನು ಮುಟ್ಟಲೇ ಇಲ್ಲ,
"ಅದು ಹಸಿರು," ಅಂದ. ಕಪ್ಪು ಬಿಳುಪಿನ ಫೋಟೋ.
ಹೇಗೆ ಗೊತ್ತು ಅಂದೆ. ಸುಮ್ಮನಾದ.

ಕೊನೆಗೆ ಭೂತಗನ್ನಡಿ ಹಿಡಿದೆ.
ಸೊಂಟದ ಹತ್ತಿರ ಒಂದು ಹೂವು, ಕೋಸಿನಷ್ಟು ದಪ್ಪ,
ಹೊಲಿಗೆಯಲ್ಲಿ ಅರ್ಧ ಕತ್ತರಿಸಿ ಹೋಗಿದೆ;
ಉಳಿದರ್ಧ ತೋಳಿನ ಮೇಲೆ, ತಲೆಕೆಳಗಾಗಿ.
ಅಂಗಡಿಯಲ್ಲಿ ಹೀಗೆ ಹೊಲಿದವನಿಗೆ ಸಂಜೆಯೊಳಗೆ ಕೆಲಸ ಹೋಗುತ್ತಿತ್ತು.
ಅಂಚು ನೋಡಿದೆ. ಹೊರಗೆ ಗಾಳಿಯಿದೆ, ಮರ ವಾಲಿದೆ,
ಕಿಟಕಿ ತೆರೆದಿದೆ, ಅವಳ ಕೂದಲು ಹಾರಿದೆ.
ಲಂಗ ಮಾತ್ರ ನೆಟ್ಟಗೆ ಇಳಿಬಿದ್ದಿದೆ,
ಅಂಚಿನೊಳಗೆ ಸೀಸದ ಗುಂಡು ಕೂತ ಹಾಗೆ.

ಸೀಸದ ಗುಂಡು.

ಗಾಜನ್ನು ಮೆಲ್ಲಗೆ ಫೋಟೋದ ಎಡ ತುದಿಗೆ ಸರಿಸಿದೆ.
ಅಲ್ಲಿ ಇನ್ನೊಂದು ಕಿಟಕಿ, ಅದಕ್ಕೆ ಪರದೆ,
ಪರದೆಯ ಮೇಲೆ ಅದೇ ಕೋಸಿನ ಹೂವು.
ಅವಳು ನಿಂತ ಕಿಟಕಿಗೆ
ಬರೀ ಕೋಲು, ಬರೀ ಉಂಗುರ.

"ಇದಕ್ಕೆ ಥರ ಇಲ್ಲ, ಸ್ವಾಮಿ," ಅಂದೆ.
"ಬೆಲೆಯೂ ಇಲ್ಲ. ಕತ್ತರಿ, ಸೂಜಿ, ಎರಡು ರಾತ್ರಿ.
ಬೇಕಾದರೆ ಬಾಡಿಗೆಮನೆಯೊಡತಿಯ ಬೈಗುಳ ಸೇರಿಸಿಕೊಳ್ಳಿ."

ಗಾಜು ಇಸಿದುಕೊಂಡ. ತುಂಬ ಹೊತ್ತು ಕೊಡಲಿಲ್ಲ.
ಯಾರೋ ಹೆಂಗಸು ಕೈಗವಸಿನ ದರ ಕೇಳಿ, ಕಾದು, ಹೋದಳು.
ನನಗೆ ಹೊಳೆದದ್ದು ಆಗಲೇ, ಅವನಿಗೆ ಹೇಳಲಿಲ್ಲ:
ಪರದೆ ಕಳಚಿದ್ದಕ್ಕೇ ಆ ಕೋಣೆಗೆ ಅಷ್ಟು ಬೆಳಕು,
ಬೆಳಕಿದ್ದದ್ದಕ್ಕೇ ಅವಳ ಮುಖ
ಇನ್ನೂ ಇಷ್ಟು ನಿಚ್ಚಳ.

"ಶುಕ್ರವಾರ ಶುಕ್ರವಾರ ಅಪ್ಪ ನಾಯಿ ರೇಸಿಗೆ ಹೋಗುತ್ತಿದ್ದ,"
ಅಂದ ಮರ್ಡೋ, ನನಗಲ್ಲ,
ನೇತುಬಿದ್ದ ನೀಲಿ ಕ್ರೇಪಿಗೆ.

ಆಮೇಲೆ ಫೋಟೋವನ್ನು ಟೋಪಿಯೊಳಗೆ ಇಟ್ಟುಕೊಂಡು
ಪರದೆ ಮಾರುವವರು ಯಾರಾದರೂ ಇದ್ದಾರಾ ಅಂದ.
ಮೂರನೇ ಸಾಲು, ಮೀನಿನ ಗಾಡಿ ದಾಟಿ, ಅಂದೆ.
ಮಳೆಯಲ್ಲೇ ಹೊರಟ,
ಬಟ್ಟೆ ಮುಟ್ಟಿ ನೋಡುವವರ ಹಾಗೆ
ಬೆರಳನ್ನು ಆಗಲೇ ಉಜ್ಜಿಕೊಳ್ಳುತ್ತ.