ಟ್ರೇ ನಂಬರ್ ಹದಿನೇಳು

ಇಪ್ಪತ್ತಮೂರು ವರ್ಷ ಒರೆಸಿದ್ದೇನೆ ಅದನ್ನು.
ಸಾಗುವಾನಿ ಚೌಕಟ್ಟು, ಒಳಗೆ ಹತ್ತಿಯ ಹಾಸು,
ಕ್ಲೆಮೆಂಟ್ ಸರ್ ಕೈಬರಹದ ಚೀಟಿ:
‘ಡೈನೋಸಾರ್ ಕಾಲ. ಸ್ಥಳೀಯ.’
ಹಾಸಿನ ಮೇಲೆ ಏನೂ ಇಲ್ಲ.
ಯಾವತ್ತೂ ಇರಲಿಲ್ಲ.

ಉಳಿದ ಹದಿನಾರೂ ತುಂಬಿದ ಮನೆ.
ಅರಿಯಲೂರಿನ ಅಮೋನೈಟು, ಎಣ್ಣೆಗೆ ಬಿಡಲು ಮರೆತ ಚಕ್ಕುಲಿ.
ಖೇಡಾದಿಂದ ಬಂದ ಮೊಟ್ಟೆಯ ಚೂರು:
ಒಡೆದ ಮಂಗಳೂರು ಹಂಚೆಂದು ತಿಳಿದು
ಸೇರಿದ ಮೊದಲ ವಾರವೇ ಗುಡಿಸಿ ಎಸೆಯಲಿದ್ದೆ.
ಕಛ್‌ನ ಬೆಲೆಮ್ನೈಟಿಗೆ ಸರ್
ಅರ್ಧ ಗಂಟೆ ಪಾಠ ಮಾಡಿದ ದಿನ
ಬುತ್ತಿ ಕೊಡಲು ಬಂದ ನನ್ನಮ್ಮ,
ಮಲ್ಪೆ ಬಂದರಿನಲ್ಲಿ ಬುಟ್ಟಿ ಇಟ್ಟು ಮೀನು ಮಾರುವವಳು,
ಕೈಗೆತ್ತಿ ಒಮ್ಮೆ ತಿರುಗಿಸಿ
“ಬೊಂಡಾಸಿನ ಒಳಗಿನ ಕಡ್ಡಿಯಲ್ವಾ ಇದು,
ಕಲ್ಲಾಗಿದೆ ಅಷ್ಟೇ” ಎಂದಳು.
ಸರ್ ಎದ್ದು ನಿಂತು ತಮ್ಮ ಕುರ್ಚಿ ಕೊಟ್ಟರು.
ಅವಳು ಕೂರಲಿಲ್ಲ. ಸೀರೆ ಒದ್ದೆ ಅಂದಳು.

ಕಳೆದ ಮಾರ್ಚಿನಲ್ಲಿ ಕಮಿಟಿ ಬಂತು.
ಮೂವರು. ಉಡುಪಿಯ ಸೆಕೆಗೆ ಕೋಟು.
ಒಬ್ಬರು ಹದಿನೇಳರ ಗಾಜನ್ನು ಉಗುರಲ್ಲಿ ಕುಟ್ಟಿ
“ಇದು ಖಾಲಿ ಯಾಕೆ?”
ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು,
ಬಾಯಿ ತೆರೆಯಬೇಡ ಕಸ್ತೂರಿ ಎಂಬ ನೋಟ.
ತೆರೆದೆ.

ಖಾಲಿಯಲ್ಲ ಸರ್. ನಮ್ಮ ಪಾಲಿಗೆ ಬಂದದ್ದು ಬೆಂಕಿ.
ತೋನ್ಸೆಪಾರ್ ನೋಡಿದ್ದೀರಾ, ದೋಣಿಯಲ್ಲಿ ಅರ್ಧ ಗಂಟೆ,
ಆರು ಮೂಲೆ, ಐದು ಮೂಲೆ,
ರೇಷನ್ ಕ್ಯೂನ ಹಾಗೆ ಒತ್ತಿ ನಿಂತ ಕಲ್ಲಿನ ಕಂಬ?
ಎಂಟು ಕೋಟಿ ಎಂಬತ್ತು ಲಕ್ಷ ವರ್ಷದ ಕೆಳಗೆ
ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಯಿತಂತೆ.
ಹೊಲಿಗೆ ಹರಿದಲ್ಲಿ ಉಕ್ಕಿದ್ದು ಅದು.
ಉಕ್ಕಿದ್ದರಲ್ಲಿ ಎಲುಬು ನಿಲ್ಲುವುದಿಲ್ಲ ಸರ್.

ಆ ಮನುಷ್ಯ ಏನೋ ಬರೆದುಕೊಂಡ.
ಮರುವಾರ ಆಫೀಸಿನಿಂದ ಮೆಮೋ:
ತುಂಬಿಸಿ, ಇಲ್ಲವೇ ತೆಗೆಯಿರಿ.

ಆದಿತ್ಯವಾರ ತಮ್ಮ ಜಯಕರನ ದೋಣಿ ಹತ್ತಿದೆ.
ಕಲ್ಲು ತರಲು ಅಲ್ಲ. ತರುವ ಹಾಗಿಲ್ಲ, ಬೋರ್ಡು ಇದೆ.
ಸುಮ್ಮನೆ.
ಫೋಟೋ ತೆಗೆಯುವವರನ್ನು ದಾಟಿ, ಬಡಗು ತುದಿಯಲ್ಲಿ
ಚಪ್ಪಲಿ ಕಳಚಿ ಒಂದು ಕಂಬದ ನೆತ್ತಿಯ ಮೇಲೆ ನಿಂತೆ.
ಕಾವಲಿಯಷ್ಟು ಬಿಸಿ.

ಇಷ್ಟೇ ಬಿಸಿ ತಾಗಿರಬಹುದು ಮೊದಲಿಗೆ
ಯಾವುದೋ ಪ್ರಾಣಿಯ ಅಂಗಾಲಿಗೆ.
ಎರಡು ಕಾಲಲ್ಲಿ ನಡೆಯುವಂಥದ್ದು,
ಕೈ ಎಂಬುದು ಹೆಸರಿಗೆ ಮಾತ್ರ,
ಹಣೆಯ ಮೇಲೊಂದು ಗುಬುಟು.
ನೆಲ ಸುಡುತ್ತಿದೆಯೆಂದು ಕೆಲವು ಪಡುವಣಕ್ಕೆ ಸರಿದವು,
ಕೆಲವು ಮೂಡಣಕ್ಕೆ. ಅಷ್ಟೇ.
ಸಂಜೆ ತಿರುಗಿ ಬರೋಣ ಎಂಬಂತೆ.
ನಡುವೆ ನೀರು ಬಂತು, ಮೊದಲು ತೋಡಿನಷ್ಟು,
ಆಮೇಲೆ ಹೊಳೆಯಷ್ಟು,
ಆಮೇಲೆ ಈಗ ಇದೆಯಲ್ಲ, ಇಷ್ಟು.

ಎಷ್ಟೋ ತಲೆಮಾರಿನ ಮೇಲೆ
ಒಂದರ ಎಲುಬು ನರ್ಮದೆಯ ದಡದಲ್ಲಿ ಸಿಕ್ಕಿತು,
ಇನ್ನೊಂದರದು ಮಡಗಾಸ್ಕರಿನ ಮರಳುಕಲ್ಲಿನಲ್ಲಿ.
ಎರಡರ ಚಿತ್ರವನ್ನೂ ಸರ್ ಗೋಡೆಗೆ ಅಂಟಿಸಿದ್ದರು.
ಅಮ್ಮ ಕನ್ನಡಕ ಏರಿಸಿ ನೋಡಿ
“ಒಂದೇ ಬರಿ. ಹಣೆ ನೋಡಿದರೆ ಗೊತ್ತಾಗುತ್ತದೆ,
ತಾಯಿ ಕಡೆಯದು.
ಎಷ್ಟು ದೂರ ಹೋಗಿ ನಿಂತರೂ
ತಮ್ಮೊಳಗೆ ಸಂಬಂಧ ಮಾಡುವ ಹಾಗಿಲ್ಲ.”
ಅಂದಿನಿಂದ ಸರ್ ಪ್ರತಿ ಬ್ಯಾಚಿಗೂ
ಅದನ್ನೇ ಹೇಳಿದರು, ಅಮ್ಮನ ಹೆಸರು ಹಿಡಿದು.

“ಏನಕ್ಕಾ ಹುಡುಕುವುದು, ನೀರು ಏರ್ತಾ ಉಂಟು”
ಜಯಕರ ಕೂಗಿದ.
ಆಗ ಬಂತು ಒಂದು ಬೆಳ್ಳಕ್ಕಿ,
ಅಲೆಯಿಂದ ನೇರ ನನ್ನ ಪಕ್ಕದ ಕಂಬಕ್ಕೆ.
ಮೂರು ಹೆಜ್ಜೆ. ನನ್ನನ್ನು ಓರೆಯಾಗಿ ನೋಡಿ
ಹಾರಿತು.
ಕಪ್ಪು ಕಲ್ಲಿನ ಮೇಲೆ ಒದ್ದೆಯ ಗುರುತು,
ಮುಂದೆ ಮೂರು ಬೆರಳು.
ಬಗ್ಗಿ ಕೂತೆ. ಒಂದು ಆರಿತ್ತು ಆಗಲೇ.
ಎರಡನೆಯದರ ಅಂಚಿಗೆ ಕಿರುಬೆರಳು ಮುಟ್ಟಿಸಿದೆ.
ಮೂರನೆಯದನ್ನು ನೋಡುವಷ್ಟರಲ್ಲಿ
ಕಲ್ಲು ಬರೀ ಕಲ್ಲು.

ಸೋಮವಾರ ಬೇಗ ಹೋದೆ.
ಮೆಮೋ ಮಡಚಿ ಹದಿನಾರರ ಅಡಿಗೆ ಸಿಕ್ಕಿಸಿದೆ,
ಆ ಕಾಲು ಮೊದಲಿಂದಲೂ ಅಲ್ಲಾಡುತ್ತದೆ.
ಹದಿನೇಳರ ಗಾಜು ತೆಗೆದೆ.
ಹತ್ತಿ ಹಳದಿಯಾಗಿತ್ತು.
ಬದಲಿಸಿದೆ.