ನಾಲ್ಕನೇ ಬಟ್ಟಲು

ಮೂಡಿಗೆರೆಯ ಕ್ಯೂರಿಂಗ್ ವರ್ಕ್ಸ್, ಮಹಡಿಯ ಕೋಣೆ.
ಇವತ್ತು ಐಸಮ್ಮ ಮಲ್ಲಿಗೆ ಮುಡಿದಿಲ್ಲ,
ನಾನು ಬೆಳ್ಳುಳ್ಳಿ ತಿಂದು ಮೂರು ದಿನ.

ಒಂದು ಮಾದರಿಗೆ ಐದು ಬಟ್ಟಲು. ಹೆಸರಿಲ್ಲ, ನಂಬರು.
ಬಿಸಿನೀರು ಬಿದ್ದ ಪುಡಿ ಉಬ್ಬಿ ಟೋಪಿಯಾಗುತ್ತದೆ.
ನಾಲ್ಕು ನಿಮಿಷ ಯಾರೂ ಮಾತಾಡುವುದಿಲ್ಲ.
ಆಮೇಲೆ ಮೂಗು ಬಗ್ಗಿಸಿ
ಚಮಚದ ಬೆನ್ನಿಂದ ಅದನ್ನು ಸೀಳಬೇಕು;
ಒಳಗಿದ್ದದ್ದು ಒಂದೇ ಸಲ ಉಸಿರು ಬಿಡುತ್ತದೆ.

ಸೊರ್ರನೆ ಹೀರಿದರೆ ಅಮ್ಮ ತಲೆಗೆ ಮೊಟಕುತ್ತಿದ್ದಳು.
ಈಗ ಅದಕ್ಕೇ ಸಂಬಳ.
ಹೀರು, ಹೊರಳಿಸು, ಉಗಿ.
ಹದಿನೆಂಟು ವರ್ಷ ಉಗಿದದ್ದು ಕೂಡಿಟ್ಟಿದ್ದರೆ
ಐಸಮ್ಮ ಅದರಲ್ಲೇ ಬಟ್ಟಲು ತೊಳೆಯಬಹುದಿತ್ತು.

ಇನ್ನೂರ ಹನ್ನೊಂದು: ಕಿತ್ತಳೆ ಸಿಪ್ಪೆ, ಜೋನಿಬೆಲ್ಲ,
ನಾಲಿಗೆಯಂಚಿಗೆ ಚುರುಕು ಹುಳಿ.
ಎರಡನೆಯದೂ ಹಾಗೇ. ಮೂರನೆಯದೂ.
ನಾಲ್ಕನೇ ಬಟ್ಟಲಲ್ಲಿ
ಕೊಳೆತ ಹಲಸಿನ ತೊಳೆ.
ಐದರಲ್ಲಿ ಮತ್ತೆ ಕಿತ್ತಳೆ, ಏನೂ ಆಗದ ಹಾಗೆ.

ಬಾಗಿಲಾಚೆ ಕಳಸದ ಧರಣಪ್ಪ,
ಯಾರೂ ಹೇಳದಿದ್ದರೂ ಚಪ್ಪಲಿ ಬಿಟ್ಟಿದ್ದಾನೆ.
“ಇನ್ನೂರ ಹನ್ನೊಂದು ನಂದು.”
“ತೊಟ್ಟಿಯಲ್ಲಿ ಒಂದಷ್ಟು ಬೀಜ
ಹೆಚ್ಚು ಹೊತ್ತು ನೆಂದಿದೆ,” ಅಂದೆ.
ನನ್ನ ಬಾಯನ್ನೇ ನೋಡಿದ,
ಅಲ್ಲಿ ತನ್ನ ಮನೆ ಕಂಡವನಂತೆ.
“ಗುರುವಾರ ರಾತ್ರಿ. ದನ ಕರು ಹಾಕ್ತಿತ್ತು.
ಕಾಲು ಅಡ್ಡ ಬಂದಿತ್ತು. ತೊಳೆಯೋಕೆ ಹೋಗ್ಲಿಲ್ಲ.”

“ಕರು?”
“ಉಳೀತು.”

ನಮೂನೆಯಲ್ಲಿ ಪರಿಮಳಕ್ಕೊಂದು ಕಾಲಂ,
ಹುಳಿಗೆ, ಮೈಗೆ, ನುಂಗಿದ ಮೇಲಿನ ರುಚಿಗೆ
(ನಾವು ನುಂಗುವುದೇ ಇಲ್ಲ).
ಕರುವಿಗಿಲ್ಲ.

ಆರಿದ ನಾಲ್ಕನೆಯದನ್ನು ಮತ್ತೊಮ್ಮೆ ಹೀರಿದೆ.
ಹಲಸೇ.
ಅಂಕ ಕಳೆದೆ. ಷರಾದಲ್ಲಿ ಬರೆದೆ:
ಹುಳಿತ, ಐದರಲ್ಲಿ ಒಂದು.
ಚಮಚ ಬಿಸಿನೀರಿಗದ್ದಿ
ಇನ್ನೂರ ಹನ್ನೆರಡಕ್ಕೆ ಬಗ್ಗಿದೆ.