ನಡಾವಳಿ ಪುಸ್ತಕದಲ್ಲಿ ಇಲ್ಲದ್ದು

ಹುನ್‌ಸೇ ದ್ವೀಪದಲ್ಲಿ ಮರಗಳಿಲ್ಲ.
ಗಾಳಿ ಎಷ್ಟಿದೆಯೆಂದು ತಿಳಿಯಲು ನಾವು
ಒಣಹಾಕಿದ ಬಟ್ಟೆ ನೋಡುತ್ತೇವೆ, ಇಲ್ಲವೇ
ದೋಣಿಗಟ್ಟೆಯಿಂದ ಬರುವವರ ತಲೆಗೂದಲು.

ಶಾಲೆಯ ಹಜಾರ. ಮಕ್ಕಳ ಕುರ್ಚಿಗಳಲ್ಲಿ
ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ದೊಡ್ಡವರು.
ಬರೆದುಕೊಳ್ಳುವ ಕೆಲಸ ನನ್ನದು:
ಯಾರು ಸೂಚಿಸಿದರು, ಯಾರು ಅನುಮೋದಿಸಿದರು.
ಟೀ ಎಷ್ಟು ತಣ್ಣಗಾಯಿತೆಂದು ಬರೆಯುವಂತಿಲ್ಲ.

ಮೊದಲ ಸಲ ಬಂದದ್ದು ಕಂಪನಿ.
ಹೊಳೆಯುವ ಬೂಟು, ಮೂರು ಗಾಳಿಯಂತ್ರದ ಚಿತ್ರ.
ಬಾಡಿಗೆ ಹೊಲದವನಿಗೆ,
ನೆರಳು ಪಕ್ಕದ ಮನೆಗೆ.
ಅವರು ಹೋದಮೇಲೂ ಎರಡು ವರ್ಷ
ರೆಂಡಾಲ್ ಮನೆಯವರೂ ಹಾರ್ಕಸ್ ಮನೆಯವರೂ
ಒಂದೇ ದೋಣಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತರು.
ಯಂತ್ರಕ್ಕಿಂತ ಮೊದಲೇ ಗಾಳಿಮಾತು ತಿರುಗತೊಡಗಿತ್ತು:
ಕುರಿಗಳು ಕಂದು ಹಾಕುತ್ತವಂತೆ,
ಹಕ್ಕಿ ಮೊಟ್ಟೆ ಬಿಟ್ಟು ಹೋಗುತ್ತದಂತೆ,
ಒಪ್ಪಿದ್ದಕ್ಕೆ ಇನ್‌ಗಾಳಿಗೆ ಹೊಸ ಅಡುಗೆಮನೆಯೇ ಬಂತಂತೆ.
(ಬಂದದ್ದು ಒಂದು ನಲ್ಲಿ. ನಾನೇ ನೋಡಿದ್ದೇನೆ.)

ಈ ಸಲ ಒಂದೇ ಯಂತ್ರ, ನಮ್ಮದೇ.
ಸಾಲವೂ ನಮ್ಮದೇ, ಎಂದ ಆರ್ಚಿ ಸ್ಕ್ಲೇಟರ್.
ಗಾಳಿ ಬಂದಾಗ ತೂರಿಕೊಳ್ಳಬೇಕು, ಎಂದಳು ಇನ್‌ಗಾ.
ಇಲ್ಲಿ ಅದು ನಿಲ್ಲುವುದಾದರೂ ಯಾವಾಗ, ಎಂದಿತು ಹಿಂದಿನ ಸಾಲು.

ಥೋರ್ಫಿನ್ ಫ್ಲೆಟ್ ಎದ್ದ.
ಮೂವತ್ತೊಂದು ವರ್ಷ ದ್ವೀಪದ ಡೀಸೆಲ್ ಎಂಜಿನ್ನು ನಡೆಸಿ
ಎಡಗಿವಿ ಪೂರ್ತಿ, ಬಲಗಿವಿ ಅರ್ಧ
ಅದಕ್ಕೇ ಕೊಟ್ಟವನು.
"ಆ ಯಂತ್ರದ ಸದ್ದು ನನಗೆ ತಡೆಯಲಾಗದು."
ಯಾರೂ ನಗಲಿಲ್ಲ.
ಅವನಿಗೆ ತಡೆಯಲಾಗದ್ದು
ತನ್ನ ಎಂಜಿನ್ನು ನಿಂತ ಮೇಲಿನ ಸದ್ದು ಎಂದು
ಎಲ್ಲರಿಗೂ ಗೊತ್ತಿತ್ತು.
ನಾನು ಬರೆದೆ: ಶಬ್ದದ ಬಗ್ಗೆ ಆಕ್ಷೇಪ, ಒಂದು.

ಆಮೇಲೆ ಬೆಲ್ಲಾ ಲಿಂಕ್‌ಲೇಟರ್, ಕೈಚೀಲವನ್ನು ಮಡಿಲಿಂದ ಇಳಿಸದೆ:

ಚಳಿಗಾಲ ಪೂರ್ತಿ ಬಿಸಿಲು ನನ್ನ ಅಡುಗೆಮನೆಗೆ ಕಾಲಿಡುವುದಿಲ್ಲ.
ಫೆಬ್ರವರಿಯಲ್ಲಿ ಹನ್ನೊಂದು ದಿನ,
ಬೆಳಿಗ್ಗೆ ಇಪ್ಪತ್ತು ನಿಮಿಷ,
ಗುಡ್ಡದ ಆ ಸಂದಿಯಿಂದ ನುಸುಳಿ ಮೇಜಿಗೆ ಬರುತ್ತದೆ.
ಆಮೇಲೆ ಸೂರ್ಯ ಎತ್ತರವಾಗುತ್ತಾನೆ, ಎಲ್ಲರವನೂ ಆಗುತ್ತಾನೆ.
ನೀವು ಯಂತ್ರ ನೆಡುವುದು ಸರಿಯಾಗಿ ಆ ಸಂದಿಯಲ್ಲೇ.
ನೆಡಿ. ಬೇಡವೆನ್ನುವುದಿಲ್ಲ.
ಆದರೆ ಆ ಬಿಸಿಲನ್ನು ನನಗೆ
ಈರುಳ್ಳಿಯ ಹಾಗೆ ಹೆಚ್ಚಿ ಕೊಡಬೇಡಿ.
ಇಡಿಯಾಗಿ ಬೇಕು.

ಎಂಜಿನಿಯರ್ ಹುಡುಗಿ ಲೆಕ್ಕ ಹಾಕಿ
ಎಷ್ಟು ನಷ್ಟವೆಂದು ಒಂದು ಅಂಕಿ ಹೇಳಿದಳು.
ಅಂಕಿ ಪುಸ್ತಕದಲ್ಲಿದೆ.
ಅದನ್ನು ಕೇಳಿ ಆರ್ಚಿ ತನ್ನ ಟೋಪಿಯೊಳಗೆ ನೋಡಿಕೊಂಡದ್ದು ಇಲ್ಲ.
ಪರ ನಲವತ್ತೊಂದು. ವಿರುದ್ಧ ಮೂವತ್ತೆಂಟು.
ಷರತ್ತು ಏಳು: ಅಂಗೀಕೃತ.

ಅಂದಿನಿಂದ ಫೆಬ್ರವರಿಯಲ್ಲಿ ರೆಕ್ಕೆ ನಿಂತರೆ
ಇಡೀ ದ್ವೀಪಕ್ಕೆ ಗೊತ್ತು:
ಬೆಲ್ಲಾ ಟೀ ಕುಡಿಯುತ್ತಿದ್ದಾಳೆ.
ಶಾಲೆಗೆ ತಡವಾದ ಮಕ್ಕಳು ಅದನ್ನು ನೋಡಿ ಓಡುತ್ತಾರೆ.
ಕೆಟ್ಟುಹೋಯಿತೇ, ಎಂದು ಹೊಸಬರು ಕೇಳಿದರೆ
ಇಲ್ಲ, ತಿಂಡಿಯ ಹೊತ್ತು, ಎನ್ನುತ್ತೇವೆ.

ಹೋದ ಅಕ್ಟೋಬರಿನಲ್ಲಿ ಅವಳನ್ನು
ಕಡಲಂಚಿನ ಮಣ್ಣಿಗೆ ಒಪ್ಪಿಸಿದೆವು.
ಗಾಳಿ ಎಷ್ಟಿತ್ತೆಂದರೆ ಪಾದ್ರಿಯ ಮಾತು
ನಮ್ಮನ್ನು ದಾಟಿ ಕುರಿಗಳಿಗೆ ಕೇಳಿಸಿತು.
ಮನೆಗೆ ಬೀಗ. ಮೇಜನ್ನು ಯಾರೋ ಒಯ್ದರು.

ಷರತ್ತು ಏಳನ್ನು ಕೈಬಿಡಲು
ಒಬ್ಬರು ಸೂಚಿಸಬೇಕು, ಒಬ್ಬರು ಅನುಮೋದಿಸಬೇಕು.
ಮೂರು ಸಭೆಗಳಾದವು.
ಕಾರ್ಯಸೂಚಿ ಬರೆಯುವವಳೂ ನಾನೇ.

ಇವತ್ತು ಬೆಳಿಗ್ಗೆ ರೆಕ್ಕೆ ನಿಂತಾಗ
ಥೋರ್ಫಿನ್ ರಸ್ತೆಬದಿ ಸೈಕಲ್ ಹಿಡಿದು ನಿಂತಿದ್ದ.
ಅದು ಮಾಡುವ ಒಳ್ಳೇ ಕೆಲಸ ಇದೊಂದೇ, ಎಂದ,
ಬಲಗಿವಿಯನ್ನು ಆ ಕಡೆಗೆ ತಿರುಗಿಸಿ.